ಹೆಸರು ಹೇಳದ ರೇಡಿಯೋ ಸಂಕೇತಗಳು

ರೇಡಿಯೋ ಸ್ಕ್ಯಾನರ್ ಎಂಬ ಯಂತ್ರವು ಆಕಾಶದಲ್ಲಿ ಸಂಚರಿಸುವ ಅಲೆಗಳನ್ನು ಒಂದೊಂದಾಗಿ ಶೋಧಿಸುತ್ತ ಹೋಗಿ, ಸದ್ದು ದೊರೆತೆಡೆಯಲ್ಲಿ ನಿಲ್ಲುತ್ತದೆ. ಆಕಾಶವಾಣಿಯಾದರೆ ತನ್ನ ಹೆಸರನ್ನು ತಾನೇ ಸಾರುತ್ತದೆ. ಉಳಿದ ಎಷ್ಟೋ ಸಂಕೇತಗಳು ಹೆಸರನ್ನೇ ಹೇಳುವುದಿಲ್ಲ. ಅವು ಯಾರವು, ಎಲ್ಲಿಂದ ಬಂದವು ಎಂದು ತಿಳಿಯುವ ಬಗೆ ಹೇಗೆ?

ಮೊದಲನೆಯ ಸಾಕ್ಷಿ ಆವೃತ್ತಿ. ಎಂದರೆ ಅಲೆಯು ಸೆಕೆಂಡಿಗೆ ಎಷ್ಟು ಸಲ ಕಂಪಿಸುವುದೆಂಬ ಸಂಖ್ಯೆ. ಹತ್ತು ಲಕ್ಷ ಕಂಪನಗಳಿಗೆ ಒಂದು ಮೆಗಾಹರ್ಟ್ಸ್. ಪೇಟೆಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿಯಿರುವಂತೆ, ರಾಷ್ಟ್ರಗಳು ಕೂಡಿ ಈ ಆವೃತ್ತಿಗಳನ್ನು ಹಂಚಿಕೊಂಡಿವೆ. 118ರಿಂದ 137 ಮೆಗಾಹರ್ಟ್ಸ್‌ವರೆಗೆ ವಿಮಾನಗಳ ಸಂಭಾಷಣೆ ನಡೆಯುತ್ತದೆ. 144ರಿಂದ 146ರವರೆಗಿನದು ಹವ್ಯಾಸಿ ರೇಡಿಯೋದವರದು. 156.8 ಹಡಗುಗಳ ಕರೆಗೂ ಆಪತ್ತಿನ ಮೊರೆಗೂ ಮೀಸಲು. ನಮ್ಮ ಮುಂಬಯಿಯಂಥ ಬಂದರು ನಗರದಲ್ಲಿ ಈ ಎಲ್ಲ ಬೀದಿಗಳೂ ಜನಭರಿತವೇ.

ಎರಡನೆಯ ಸಾಕ್ಷಿ ಸದ್ದಿನ ಸ್ವರೂಪ: ಅದು ಮಾತೋ, ಮಾರ್ಸ್ ಸಂಕೇತವೋ, ಯಂತ್ರದ ಗುರುಗುಟ್ಟುವಿಕೆಯೋ ಎಂಬುದು. ಮೂರನೆಯದು ವೇಳೆ. ನಾಲ್ಕನೆಯದು ಆವೃತ್ತಿಯ ಏರಿಳಿತ. ಎದುರಿಗೆ ಬರುವ ರೈಲಿನ ಸಿಳ್ಳು ತೀಕ್ಷ್ಣವಾಗಿದ್ದು, ರೈಲು ನಮ್ಮನ್ನು ದಾಟಿದೊಡನೆ ತಗ್ಗುವುದಷ್ಟೆ? ಉಪಗ್ರಹದ ಸಂಕೇತವೂ ಹಾಗೆಯೇ. ಇದಕ್ಕೆ ಡಾಪ್ಲರ್ ಪರಿಣಾಮವೆಂದು ಹೆಸರು.

ಯಂತ್ರವೂ ಒಮ್ಮೊಮ್ಮೆ ನಮ್ಮನ್ನು ವಂಚಿಸುವುದುಂಟು. ಹತ್ತಿರದ ಪ್ರಬಲ ಕೇಂದ್ರವೊಂದರ ಸಂಕೇತವು ರಿಸೀವರಿನೊಳಗಿನ ಮಿಶ್ರಣದಿಂದ ತನ್ನದಲ್ಲದ ಸ್ಥಾನದಲ್ಲಿ ಕೇಳಿಸೀತು. ಆದುದರಿಂದ ಬೇರೊಂದು ಬಗೆಯ ರಿಸೀವರಿನಲ್ಲಿಯೂ ಪರೀಕ್ಷಿಸುವುದು ಲೇಸು.

ಈ ಸಾಕ್ಷಿಗಳನ್ನು ತಾಳ್ಮೆಯಿಂದ ಕೂಡಿಸಿದರೆ ಏನು ಸಾಧ್ಯವೆಂಬುದಕ್ಕೆ ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಶಾಲೆಯೇ ನಿದರ್ಶನ. ಅಲ್ಲಿನ ಭೌತಶಾಸ್ತ್ರದ ಉಪಾಧ್ಯಾಯರಾದ ಜೆಫ್ರಿ ಪೆರಿಯವರು 1960ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಸೋವಿಯತ್ ಉಪಗ್ರಹಗಳ ಸಂಕೇತಗಳನ್ನು 20 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಆಲಿಸುತ್ತಿದ್ದರು. ಅವು ಕೇಳಿಬಂದ ವೇಳೆಯನ್ನು ತಪ್ಪದೆ ಬರೆದಿಡುತ್ತಿದ್ದರು. 1966ರ ಮಾರ್ಚ್ 17ರಂದು ಹಾರಿದ ಕಾಸ್ಮಾಸ್ 112 ಎಂಬ ಉಪಗ್ರಹದ ಪಥವು ಹಿಂದಿನವುಗಳ ಪಥಕ್ಕೆ ಹೊಂದಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕಾಸ್ಮಾಸ್ 129 ಹಾರಿತು. ಇವುಗಳ ಪಥಗಳನ್ನು ಭೂಪಟದ ಮೇಲೆ ಹಿಂದಕ್ಕೆ ಎಳೆದು ನೋಡಿದಾಗ, ಅವು ಸುಪ್ರಸಿದ್ಧವಾದ ಬೈಕನೂರಿನಲ್ಲಿ ಕೂಡದೆ, ರಷ್ಯದ ಉತ್ತರ ಭಾಗದಲ್ಲಿರುವ ಪ್ಲೆಸೆಟ್ಸ್ಕ್ ಎಂಬಲ್ಲಿ ಕೂಡುತ್ತಿದ್ದವು. ಅಲ್ಲಿಯೇ ಸೋವಿಯತ್ ಸರ್ಕಾರದ ಗುಪ್ತ ಉಡಾವಣಾ ಕೇಂದ್ರವಿದ್ದಿತು! ಅಮೆರಿಕದ ಬೇಹುಗಾರರಿಗೆ ಈ ಗುಟ್ಟು ಮೊದಲೇ ತಿಳಿದಿದ್ದರೂ, ಲೋಕದ ಮುಂದೆ ಅದನ್ನು ಇರಿಸಿದ್ದು ಒಂದು ಶಾಲೆ. ಸೋವಿಯತ್ ಸರ್ಕಾರವು ಅದನ್ನು ಬಹಿರಂಗವಾಗಿ ಒಪ್ಪಿದ್ದು 1983ರಲ್ಲಿ.

ಆ ಬಾಲಕರ ಬಳಿ ಇದ್ದುದು ಗೂಢಯಂತ್ರವಲ್ಲ. ಒಂದು ರಿಸೀವರು, ಒಂದು ಗಡಿಯಾರ, ಒಂದು ದಿನಚರಿ ಮತ್ತು ಬೇಸರವರಿಯದ ಶ್ರದ್ಧೆ. ವಿದ್ಯಾರ್ಥಿ ಮಿತ್ರರೇ, ಆಲಿಸುವ ಹವ್ಯಾಸ ಹಿಡಿಯುವವರು ಮೊದಲು ಸರ್ಕಾರದ ನಿಯಮಗಳನ್ನು ಹಿರಿಯರಿಂದ ಕೇಳಿ ತಿಳಿಯಬೇಕು. ಪರರ ಖಾಸಗಿ ಮಾತಿಗೆ ಕಿವಿಗೊಡಬಾರದು. ದಿನಾಂಕ, ವೇಳೆ, ಆವೃತ್ತಿ, ಸದ್ದಿನ ಬಗೆ ಇವಿಷ್ಟನ್ನು ಕೂಡಲೇ ಬರೆದಿಡಬೇಕು. ಸಂಕೇತವು ಯಾರದೆಂಬ ಅಂಕಣವನ್ನು ಮಾತ್ರ ಸಾಕ್ಷಿ ದೊರೆಯುವವರೆಗೂ ಖಾಲಿ ಬಿಡಬೇಕು. ಊಹೆಯನ್ನು ಊಹೆಯೆಂದೂ ಸಿದ್ಧಾಂತವನ್ನು ಸಿದ್ಧಾಂತವೆಂದೂ ಬೇರ್ಪಡಿಸಿ ಬರೆಯಬಲ್ಲವನೇ ವಿಜ್ಞಾನದ ನಿಜವಾದ ವಿದ್ಯಾರ್ಥಿ.