ಕೆಂಪು ಗಾಜಿನಾಚೆಯ ಅಠಾರಾ ಕಚೇರಿ

ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ ನಿಂತು, ಕೆಂಪು ಫಿಲ್ಟರನ್ನು ಲೆನ್ಸಿಗೆ ತಿರುಗಿಸುವ ಮೊದಲು ಒಮ್ಮೆ ಕಣ್ಣಿಗೆ ಹಿಡಿದು ನೋಡುತ್ತೇನೆ. ಹೈಕೋರ್ಟಿನ ಕೆಂಪು ಗೋಡೆ ತಿಳಿಯಾಗಿ ಬೆಳಗುತ್ತದೆ. ಮುಂದಿನ ಮರಗಳು ಮಸಿ ಬಳಿದಂತಾಗುತ್ತವೆ. ಆಕಾಶ ಕಪ್ಪಿಟ್ಟು, ಅದುವರೆಗೆ ಗಮನಕ್ಕೇ ಬಾರದಿದ್ದ ಮೋಡವೊಂದು ಮಾಳಿಗೆಯ ಮೇಲೆ ಎದ್ದು ನಿಲ್ಲುತ್ತದೆ. ಕಪ್ಪು-ಬಿಳುಪು ಫಿಲಂ ಮೇಲೆ ಮೂಡುವುದೂ ಹೆಚ್ಚುಕಡಿಮೆ ಇದೇ.

ಈಗ ಹೈಕೋರ್ಟ್ ಇರುವ, ಹದಿನೆಂಟು ಇಲಾಖೆಗಳಿಗೆಂದು ಎದ್ದ ಈ ಅಠಾರಾ ಕಚೇರಿ ಮುಗಿದದ್ದು 1868ರಲ್ಲಿ. ಆ ಕಾಲದ ಕ್ಯಾಮೆರಾಕ್ಕೆ ಕೆಂಪು ಕಾಣುತ್ತಲೇ ಇರಲಿಲ್ಲ. ಗಾಜಿನ ಪ್ಲೇಟಿಗೆ ಬಳಿದು ಹಸಿಯಿರುವಾಗಲೇ ಚಿತ್ರ ತೆಗೆಯುತ್ತಿದ್ದ ಕೊಲೋಡಿಯನ್ ಲೇಪಕ್ಕೆ ತಾಗುತ್ತಿದ್ದದ್ದು ನೀಲಿ, ನೇರಳೆ ಬೆಳಕಷ್ಟೇ. ಕೆಂಪು ಗೋಡೆ ಇದ್ದಿಲಾಗುತ್ತಿತ್ತು, ಆಕಾಶ ಬರೀ ಬಿಳಿ ಹಾಳೆ. 1854ರಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ ಲಿನೇಯಸ್ ಟ್ರೈಪ್ ಬಳಸುತ್ತಿದ್ದ ಕಾಗದದ ನೆಗೆಟಿವ್‌ಗೂ ಇದೇ ಕುರುಡು. ಮುಂದೆ ಅವನು ಎಷ್ಟೋ ನೆಗೆಟಿವ್‌ಗಳ ಮೇಲೆ ಕುಂಚ ಹಿಡಿದು ಮೋಡ ಬರೆದ. ಅದನ್ನು ಮೋಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಾನು ಕಂಡದ್ದನ್ನು ಕಾಗದ ಹಿಡಿಯದಿದ್ದರೆ ಅವನಾದರೂ ಏನು ಮಾಡಬೇಕಿತ್ತು?

1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್, ಲೇಪಕ್ಕೆ ಬಣ್ಣ ಬೆರೆಸಿದರೆ ಅದು ಹಸಿರನ್ನೂ ಹಿಡಿಯುತ್ತದೆಂದು ಕಂಡುಕೊಂಡ. ಆದರೂ ನೀಲಿಯ ಪಾಲೇ ಹೆಚ್ಚು. ಅದನ್ನು ತಡೆಯಲು ಹಳದಿ ಗಾಜು ಬಂತು. ಕೆಂಪು ಗಾಜಿನ ಸರದಿ ಬಂದದ್ದು ಪ್ಲೇಟು ಕೆಂಪನ್ನೂ ಕಾಣತೊಡಗಿದ ಮೇಲೆ. 1906ರಲ್ಲಿ ಇಂಗ್ಲೆಂಡಿನ ರಾಟನ್ ಅಂಡ್ ವೈನ್‌ರೈಟ್ ಕಂಪನಿ ಅಂಥ ಪ್ಯಾನ್‌ಕ್ರೋಮ್ಯಾಟಿಕ್ ಪ್ಲೇಟುಗಳನ್ನು ಮಾರುಕಟ್ಟೆಗೆ ತಂದಿತು. ನನ್ನ ಗಾಜಿನ ಅಂಚಿನಲ್ಲಿರುವ 25 ಎಂಬ ಅಂಕಿ ಅದೇ ರಾಟನ್ ಹೆಸರಿನ ಲೆಕ್ಕದ್ದು.

ಈ ಗಾಜು ಬೆಳಕನ್ನು ಬಹಳ ತಿನ್ನುತ್ತದೆ. ಎಂಟು ಪಟ್ಟು ಹೆಚ್ಚು ಹೊತ್ತು ಶಟರ್ ತೆರೆದಿರಬೇಕು. ಸೆಕೆಂಡಿನ 1/125 ಸಾಕಿದ್ದ ಕಡೆ 1/15. ಟ್ರೈಪಾಡ್ ಇಲ್ಲದೆ ಆಗದು. ಅಡ್ಡ ಹಾದ ಆಟೊ ಬರೀ ಗೀರಾಗಿ ಉಳಿಯುತ್ತದೆ.

ಎದುರಿನ ವಿಧಾನಸೌಧದ ಮಾತೇ ಬೇರೆ. ಬೂದು ಗ್ರಾನೈಟಿನ ಗೋಡೆಯನ್ನು ಯಾವ ಬಣ್ಣದ ಗಾಜೂ ಅಷ್ಟಾಗಿ ಬದಲಿಸದು. ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ. ಕೆಂಪು ಗಾಜು ಅದನ್ನು ನುಂಗಿದರೆ ಸಜ್ಜಾದಡಿಯ ಕೆತ್ತನೆಯೆಲ್ಲ ಕತ್ತಲೆಯಲ್ಲಿ ಮುಚ್ಚಿಹೋಗುತ್ತದೆ. ಅಲ್ಲಿ ತೆಳು ಹಳದಿಯೇ ಸಾಕು. ಹೊತ್ತನ್ನು ಮಾತ್ರ ಕಾಯಬೇಕು: ಮೆಟ್ಟಿಲುಗಳಿರುವ ಪೂರ್ವದ ಮುಖಕ್ಕೆ ಬೆಳಗಿನ ಓರೆ ಬಿಸಿಲು ಬಿದ್ದಾಗಲೇ ಉಳಿ ಕೊರೆದ ಗೆರೆಗಳು ಒಂದೊಂದಾಗಿ ಕಾಣುವುದು.

ರಸ್ತೆಯಾಚೆಯ ಅಠಾರಾ ಕಚೇರಿಯ ಈಚೆ ಮುಖಕ್ಕೆ ಬಿಸಿಲು ಬರುವುದು ಸಂಜೆಗೆ. ಸೂರ್ಯ ಇಳಿದಂತೆ ಬಿಸಿಲೇ ಕೆಂಪೇರುತ್ತದೆ, ಗೋಡೆ ತಾನಾಗಿ ಬೆಳಗತೊಡಗುತ್ತದೆ. ಆಗ ಗಾಜನ್ನು ಬಿಚ್ಚಿ ಜೇಬಿಗಿಟ್ಟುಕೊಳ್ಳುತ್ತೇನೆ.