ಬೆಳಗಿನ ಹನ್ನೊಂದಕ್ಕೆ ಯಮನ್

ಸಾವಳಗಿಯಿಂದ ನಸುಕಿನಲ್ಲೇ ಹೊರಟು ಜಮಖಂಡಿ, ಮುಧೋಳ ದಾಟಿ ಧಾರವಾಡ ಮುಟ್ಟುವಷ್ಟರಲ್ಲಿ ಹತ್ತೂವರೆ. ಜೊತೆಗೆ ತಂಗಿಯ ಮಗಳು. ಪಿಯುಸಿ ಮುಗಿದಿದೆ. ‘ಬಿಕಾಂ ಒಲ್ಲೆ, ಸಂಗೀತದಾಗ ಡಿಗ್ರಿ ಮಾಡ್ತೀನಿ’ ಎಂದು ಪಟ್ಟು ಹಿಡಿದಿದ್ದಾಳೆ. ಊರ ಭಜನೆಯಲ್ಲಿ ಪೇಟಿ ಬಾರಿಸಿ ಹಾಡಿದವಳು, ಶ್ರೀಕೃಷ್ಣ ಪಾರಿಜಾತ ಎಲ್ಲಿದ್ದರೂ ಬೆಳತನಕ ಕೂತು ಕೇಳಿದವಳು. ಅವರಪ್ಪನಿಗೆ ಅಷ್ಟು ಮನಸ್ಸಿಲ್ಲ. ‘ಒಮ್ಮೆ ನೀವು ಕಾಲೇಜು ನೋಡಿ ಬರ್ರಿ’ ಎಂದು ನನ್ನ ಕೊರಳಿಗೆ ಕಟ್ಟಿದ್ದ.

ಚಪ್ಪಲಿ ಬಿಟ್ಟು ಪಡಸಾಲೆಗೆ ಕಾಲಿಟ್ಟರೆ ಸಾಲು ಕೋಣೆಗಳು. ಒಂದರ ತಬಲಾ ಇನ್ನೊಂದರ ಆಲಾಪದೊಳಗೆ ನುಗ್ಗುತ್ತಿತ್ತು. ಮೊದಲ ಕೋಣೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ತಂಬೂರಿ ಸೇರಿಸುತ್ತಿದ್ದಳು. ನಾಲ್ಕು ತಂತಿ: ಮೊದಲು ಪಂಚಮ, ನಡುವೆ ಷಡ್ಜದ ಜೋಡಿ, ಕೊನೆಗೆ ಖರ್ಜದ ಷಡ್ಜ. ತಂತಿ ಮತ್ತು ಕುದುರೆಯ ನಡುವಿನ ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿದಳು. ಸಪ್ಪೆಯಾಗಿದ್ದ ನಾದ ಒಮ್ಮೆಲೇ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ‘ಈಗ ಜವಾರಿ ಬಂತ್ರಿ’ ಅಂದಳು. ಜವಾರಿ ಅಂದರೆ ನಮಗೆ ಬದನೆಕಾಯಿ, ಕೋಳಿ; ನಮ್ಮ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ತಂಬೂರಿ ಮೀರಜದ್ದಂತೆ. ನಮ್ಮೂರಿಗೆ ಧಾರವಾಡಕ್ಕಿಂತ ಮೀರಜವೇ ಹತ್ತಿರ. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಸೇರಿಸುವುದರಲ್ಲೇ ಕಾಲು ಗಂಟೆ ಹೋಯಿತು.

ಮುಂದಿನ ಕೋಣೆಯ ಬಾಗಿಲಲ್ಲಿ ನಿಂತೆವು. ತೀವ್ರ ಮಧ್ಯಮ ಕೇಳಿಸಿದಂತಾಯಿತು; ಯಮನ್ ಇರಬೇಕು ಅಂದುಕೊಂಡೆ. ನನ್ನ ಕಿವಿಯನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ‘ಹೌದ ಮಾಮಾ, ಯಮನ್’ ಎಂದು ಹುಡುಗಿ ಪಿಸುಗುಟ್ಟಿದಳು. ಗಡಿಯಾರದಲ್ಲಿ ಹನ್ನೊಂದು. ದೀಪ ಹಚ್ಚುವ ಹೊತ್ತಿನ ರಾಗ! ಆದರೆ ಕಲಿಕೆ ಶುರುವಾಗುವುದೇ ಯಮನ್, ಭೂಪಗಳಿಂದ, ಕಾಲೇಜಿಗೆ ಬೀಗ ಬೀಳುವುದು ಐದಕ್ಕೆ. ರಾಗದ ಹೊತ್ತು ವೇಳಾಪಟ್ಟಿಯ ಮಾತು ಕೇಳಲೇಬೇಕು.

ಒಳಗೆ ಹನ್ನೆರಡು ಮಂದಿ. ಗುರುಗಳು ಒಂದು ಪಲುಕು ಹಾಡುತ್ತಾರೆ, ಎಲ್ಲರೂ ಒಟ್ಟಿಗೆ ತಿರುಗಿ ಹಾಡುತ್ತಾರೆ. ಆಮೇಲೆ ಒಬ್ಬೊಬ್ಬರೇ. ಸುಮ್ಮನೆ ಗಡಿಯಾರ ನೋಡಿದೆ: ಒಬ್ಬರ ಪಾಲಿಗೆ ಬಂದದ್ದು ಹೆಚ್ಚೆಂದರೆ ಎರಡು ನಿಮಿಷ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆ ಒಂದು ಸುತ್ತು ಬರಲು ಮುಕ್ಕಾಲು ನಿಮಿಷ ಹಿಡಿಯುವುದುಂಟು. ಅಂದರೆ ಎರಡೂವರೆ ಆವರ್ತನ. ಫೀ, ಪದವಿಯ ಹೆಸರು ಎಲ್ಲ ವಿಚಾರಿಸಿ ಬರೆದುಕೊಂಡು ಬಂದಿದ್ದೆ. ಈ ಲೆಕ್ಕ ನನ್ನ ಚೀಟಿಯಲ್ಲಿ ಇರಲಿಲ್ಲ. ಬೇರೆ ಯಾವ ಕಾಲೇಜು ನೋಡಿದರೂ ಇನ್ನು ಮೊದಲು ಇದನ್ನೇ ಎಣಿಸುತ್ತೇನೆ.

ತಬಲಾ ಕೋಣೆಯಲ್ಲಿ ಹೆಚ್ಚು ನಿಲ್ಲಲಿಲ್ಲ. ಸೂಚನಾ ಫಲಕದ ವೇಳಾಪಟ್ಟಿಯಲ್ಲಿ ಗಾಯನದಷ್ಟೇ ಜಾಗವನ್ನು ಶಾಸ್ತ್ರ, ಭಾಷೆಗಳ ಪಾಠಗಳೂ ಹಿಡಿದಿದ್ದವು. ಶಾಸ್ತ್ರವೆಂದರೆ ಸ್ವರಲಿಪಿಯೂ ಬಂತು: ಸ್ವರದ ಕೆಳಗೆ ಗೆರೆ ಎಳೆದರೆ ಕೋಮಲ, ಚುಕ್ಕೆ ಇಟ್ಟರೆ ಮಂದ್ರ. ಕಿವಿಯಿಂದಲೇ ಕಲಿತ ಹುಡುಗಿಗೆ ಈ ಬರವಣಿಗೆ ತೊಡಕಾದೀತೇ, ಹಗುರಾದೀತೇ, ನನಗೆ ಹೇಳಲಾಗದು.

ಹೊರಬರುವಾಗ ಅದೇ ತಂಬೂರಿಯ ಹುಡುಗಿ ಚಪ್ಪಲಿ ಮೆಟ್ಟುತ್ತಿದ್ದಳು. ಇಷ್ಟೊತ್ತು ಯಾರನ್ನೂ ಏನೂ ಕೇಳದ ನಮ್ಮ ಹುಡುಗಿ ತಾನಾಗಿಯೇ ಅವಳನ್ನು ಕೇಳಿದಳು: ‘ಅಕ್ಕಾರ, ಹಾಸ್ಟೆಲ್‌ನಾಗ ನಸುಕಿನ್ಯಾಗ ಹಾಡಾಕ ಬಿಡ್ತಾರೇನ್ರಿ?’

‘ಖೋಲಿಯೊಳಗ ಬಿಡಂಗಿಲ್ಲವಾ. ನಾವ್ ಮಾಳಿಗಿ ಮ್ಯಾಲ ಹೋಗ್ತೀವಿ. ಚಳಿಗಾಲದಾಗ ಶಾಲು ತಗೊಂಡ್ ಬಾ.’