ಉಳವಿ ಹಾದಿಯಲ್ಲಿ ಓಡಿದ ಡೇರೆ

ಬಸ್ಸು ಅರ್ಧ ತಾಸು ತಡವಾದರೆ ಗಡಿಯಾರ ನೋಡಿ ಗೊಣಗುವ ಓದುಗ ಬಂಧುಗಳೇ, ಸ್ವಲ್ಪ ತಾಳಿರಿ. ನವಲಗುಂದ ಕಡೆಯಿಂದ ಉಳವಿ ಜಾತ್ರೆಗೆ ಚಕ್ಕಡಿ ಬೆನ್ನು ಹತ್ತಿ ನಡೆದ ಈ ನಿಮ್ಮ ಬಾತ್ಮೀದಾರನ ಫಜೀತಿ ಕೇಳಿದರೆ ನಿಮ್ಮ ಬಸ್ಸೇ ಪುಷ್ಪಕ ವಿಮಾನ ಅನಿಸೀತು!

ಉಳವಿ ಎಲ್ಲಿದೆ ಎಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಉತ್ತರ ಕನ್ನಡದ ಜೊಯಿಡಾ ತಾಲೂಕಿನ ಅಡವಿಯಲ್ಲಿದೆ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆ ಎದ್ದಾಗ, ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು ಶರಣರೊಡನೆ ಬಂದು ಐಕ್ಯರಾದ ಸ್ಥಳ. ಭಾರತ ಹುಣ್ಣಿಮೆ ಬಂತೆಂದರೆ ಚಕ್ಕಡಿಗಳು ಸಾಲುಗಟ್ಟುತ್ತವೆ. ಧಾರವಾಡ, ಹಳಿಯಾಳ, ದಾಂಡೇಲಿ, ಆಮೇಲೆ ಬರೀ ಕಾಡು. ಧಾರವಾಡದಿಂದಲೇ ಎಣಿಸಿದರೂ ನೂರು ಕಿಲೋಮೀಟರಿಗೆ ಮೇಲೆ. ಅಂದು ಶರಣರು ಜೀವ ಕೈಯಲ್ಲಿ ಹಿಡಿದು ಬಂದರು. ನಾವು ರೊಟ್ಟಿ ಗಂಟು ಹಿಡಿದು ಹೊರಟೆವು.

ನಮ್ಮ ಚಕ್ಕಡಿಯ ಯಜಮಾನರು ಎಪ್ಪತ್ತು ದಾಟಿದ ಅಜ್ಜ. ಹೊರಡುವ ದಿನವೇ ಮಗ ಹೇಳಿಬಿಟ್ಟಿದ್ದ: "ಅಪ್ಪಾ, ಈ ಜಾತ್ರಿ ಮುಗಿದ ಮ್ಯಾಲೆ ಎತ್ತು ಸಂತಿಗೆ ಹೊಡಿಯೂಣು. ಟ್ರ್ಯಾಕ್ಟರ್ ಕಂತು ತುಂಬಬೇಕು." ಅಜ್ಜ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎತ್ತಿನ ಕೊರಳಿಗೆ ಗೆಜ್ಜೆಸರ ಕಟ್ಟಿ ಹೂಡಿದರು.

ಮೊದಲನೇ ಫಜೀತಿ ನಮ್ಮ ಬೂಟಿನದು. ಹೊಸ ಬೂಟು ಹಾಕಿಕೊಂಡು ಜರ್ಬಿನಿಂದ ಹೊರಟವನಿಗೆ ಧಾರವಾಡ ಮುಟ್ಟುವುದರೊಳಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಬರಿಗಾಲಲ್ಲಿ ನಮ್ಮನ್ನು ದಾಟಿ ಹೋಗುತ್ತಿದ್ದ ಒಬ್ಬ ಆಯಿ ನಿಂತು, ಅರಿಶಿನ ಎಣ್ಣೆ ಹಚ್ಚಿ ಹೇಳಿದಳು: "ತಮ್ಮಾ, ಬೂಟು ಪ್ಯಾಟಿಗೆ ಚಂದ, ಹಾದಿಗೆ ಕಾಲೇ ಚಂದ." ಬೂಟು ಚಕ್ಕಡಿ ಏರಿದವು, ನಾವು ನಡೆದೆವು.

ಎರಡನೆಯದು ಡೇರೆ. ಬೆಂಗಳೂರಿನಲ್ಲಿರುವ ಅಳಿಯ ಕೊಟ್ಟ ನೈಲಾನ್ ಡೇರೆ. ದಾಂಡೇಲಿಯ ಹತ್ತಿರ ಕಾಳಿ ನದಿಯ ಬದಿಗೆ ವಸ್ತಿ. ಮೂರು ಹಗ್ಗಕ್ಕೆ ಗೂಟ ಸಿಕ್ಕವು, ನಾಲ್ಕನೆಯದಕ್ಕೆ ಸಿಗಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ತಲೆ ಓಡಿಸಿ, ಅದನ್ನು ಚಕ್ಕಡಿಯ ಹಿಂಬದಿಗೆ ಬಿಗಿದು ಮಲಗಿದೆ. ಬಿಸಿಲೇರುವ ಮೊದಲು ಹಾದಿ ಸಾಗಲೆಂದು ನಸುಕಿನ ನಾಲ್ಕಕ್ಕೇ ಹೂಡುತ್ತಾರೆ ಎಂಬುದು ಯಾರಿಗೆ ಗೊತ್ತು? "ಹರ ಹರ ಮಹಾದೇವ" ಎಂಬ ಕೂಗು ಕೇಳಿತು. ಮರುಗಳಿಗೆಯೇ ಗೂಟ ಕಿತ್ತು, ಬಾತ್ಮೀದಾರನ ಸಮೇತ ಡೇರೆ ಹೊರಟಿತು! ಒಳಗಿನಿಂದ ನಾವು ಬೊಬ್ಬೆ ಹೊಡೆದರೆ ಹಿಂದಿನ ಚಕ್ಕಡಿಯ ಹೆಣ್ಣುಮಕ್ಕಳು ಚೀರಿದರು: "ಅಯ್ಯ, ಮೊಸಳಿ! ಹೊಳ್ಯಾಗಿಂದ ಮೊಸಳಿ ಎದ್ದು ಬಂತು!" ಕಾಳಿಯಲ್ಲಿ ಮೊಸಳೆ ಇರುವುದು ಖರೆ. ಕೈಯಲ್ಲಿದ್ದ ಬಾರಕೋಲು ನಮ್ಮ ಮೇಲೆ ಬೀಳದೆ ಉಳಿದದ್ದು ಉಳವೀಶನ ದಯೆ.

ಮರುದಿನ ಮತ್ತೊಂದು. ಬೆಳಿಗ್ಗೆ ತಂಬಿಗೆ ಹಿಡಿದು ಮರೆಗೆ ಹೋಗಿ ಬಂದರೆ ಚಕ್ಕಡಿಗಳೆಲ್ಲ ಒಂದೇ ನಮೂನೆ. ಅದೇ ಕಮಾನು, ಅದೇ ಕಣಕಿ ಹೊರೆ. ನಮ್ಮದೇ ಎಂದು ತಿಳಿದು ಒಂದರ ಬದಿಗೆ ಕೂತೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ಬಂದವು. ಎರಡನೇ ಸಲ ಮಾದಲಿ ಬಡಿಸಿದ ಮೇಲೆ ಯಜಮಾನ ಮೆಲ್ಲಗೆ ಕೇಳಿದ: "ಹಂಗಾರ ತಮ್ಮದು ಯಾವ ಊರು ಆತ್ರೀ?" ಅವರು ಕಲಘಟಗಿ ಕಡೆಯವರು. ಉಣ್ಣುವ ಮೊದಲು ಯಾರೂ ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ.

ಇಷ್ಟು ನಗೆಯ ಮಾತು. ಅಂದೇ ಮಧ್ಯಾಹ್ನ ನಗೆ ನಿಂತಿತು. ಕಾಡಿನ ಕಲ್ಲುಹಾದಿಯಲ್ಲಿ ಬಲಗಡೆಯ ಎತ್ತಿನ ನಾಲ ಕಳಚಿ, ಗೊರಸಿನಲ್ಲಿ ಹರಳು ಹೊಕ್ಕಿತು. ಎತ್ತು ಕಾಲೂರದು. ಎರಿ ಹೊಲದ ಮೆತ್ತನೆ ಮಣ್ಣು ತುಳಿದು ಬೆಳೆದ ಪ್ರಾಣಿ. ಸುತ್ತಲೂ ಹುಲಿ ಸಂರಕ್ಷಿತ ಅರಣ್ಯ, ಮೊಬೈಲಿಗೆ ರೇಂಜಿಲ್ಲ. ಹಾದು ಹೋಗುತ್ತಿದ್ದ ಟ್ರ್ಯಾಕ್ಟರಿನವರು ಕರೆದರು: "ಅಜ್ಜಾ, ಎತ್ತು ಯಾರರೆ ನೋಡಿಕೋತಾರ, ನೀ ಹತ್ತು." ಅಜ್ಜ ತಲೆ ಎತ್ತಲಿಲ್ಲ. "ಬಸವಣ್ಣನ್ನ ಹಾದ್ಯಾಗ ಬಿಟ್ಟು, ಬಸವಣ್ಣನ ಅಳಿಯನ ಹಂತ್ಯಾಕ ಯಾವ ಮುಖಾ ತಗೊಂಡು ಹೋಗ್ಲೋ ತಮ್ಮಾ?"

ಟ್ರ್ಯಾಕ್ಟರು ಹೋಯಿತು. ಹಿಂದೆ ಬಂದ ಚಕ್ಕಡಿ ನಿಂತಿತು. "ಓಹೋ, ನಮ್ಮ ಮಾದಲಿ ಉಂಡ ಸಾಹೇಬ್ರು!" ಅದೇ ಕಲಘಟಗಿಯ ಯಜಮಾನ. ಅವನ ಗಾಡಿಯಲ್ಲಿ ನಾಲ, ಮೊಳೆ, ಸುತ್ತಿಗೆ ಎಲ್ಲ ಇದ್ದವು. ಎತ್ತನ್ನು ಕೆಡವಿ, ಕಾಲು ಕಟ್ಟಿ, ಹರಳು ಕಿತ್ತು ನಾಲ ಬಡಿದ. ಬಾಲ ಹಿಡಿಯುವ ಕೆಲಸ ಪತ್ರಿಕಾರಂಗದ ಪಾಲಿಗೆ ಬಂತು. ನಮ್ಮ ಅಂಗಿಗೆ ಏನಾಯಿತೆಂದು ಬರೆಯುವುದು ಬೇಡ.

ಅಜ್ಜ ರೊಕ್ಕ ಚಾಚಿದರೆ ಆತ ಕೈ ಹಿಂದೆ ಕಟ್ಟಿದ. "ಬರುವ ವರ್ಷ ಇದೇ ಹಾದ್ಯಾಗ ಕೊಡ್ರಿ ಯಜ್ಜಾ. ಎತ್ತಿನ ಸಾಲ ಎತ್ತು ಹೊಡಕೊಂಡು ಬಂದೇ ತೀರಿಸಬೇಕು."

ಎತ್ತು ಸಾವಕಾಶ ಹೆಜ್ಜೆ ಇಟ್ಟಿತು. ನಾವು ಹುಣ್ಣಿಮೆಯ ಹೊತ್ತಿಗೆ ಉಳವಿ ಮುಟ್ಟಿದೆವು.

ಊರಿಗೆ ಬಂದ ಮೇಲೆ ಮಗ ಸಂತೆಯ ಮಾತು ತೆಗೆದ. ಅಜ್ಜ ಈ ಸಲ ಸುಮ್ಮನಿರಲಿಲ್ಲ. "ಕಲಘಟಗಿಯವಂದು ಸಾಲ ಐತಿ. ಸಾಲ ಇಟಗೊಂಡು ಎತ್ತು ಮಾರಿದ್ರ ಮಂದಿ ಏನಂದಾರು?" ಮಗ ನಕ್ಕ. ಒಂದು ವರ್ಷದ ಮಟ್ಟಿಗೆ ಎತ್ತು ಉಳಿದವು.

ನಮ್ಮ ಹರಿದ ಡೇರೆ ಈಗ ಅವುಗಳ ಕೊಟ್ಟಿಗೆಯಲ್ಲಿ ಸೋರುವ ಮೂಲೆಗೆ ಹೊದಿಕೆ. ಮಾದಲಿಯ ಋಣ ನಮ್ಮ ತಲೆ ಮೇಲೂ ಇದೆ, ಬರುವ ವರ್ಷ ನಾವೂ ಹೋಗಲೇಬೇಕು. ಬೂಟು ಮಾತ್ರ ಮನೆಯಲ್ಲಿ.

ಬಸ್ಸು ಬಂತೇನ್ರೀ? ಹತ್ರಿ ಮತ್ತ.